ಹೇಳದೆ ಹೊರಡುವ ಮನೆ

ಹಳೇಕೋಟೆಯ ಪುಟ್ಟಲಕ್ಷ್ಮಮ್ಮನ ಮನೆಗೆ ಹೊಸದಾಗಿ ಬಂದ ನೆಂಟರು ಹೋದ ವರ್ಷದವರೆಗೂ ಒಂದು ವಿಷಯಕ್ಕೆ ಬೇಜಾರು ಮಾಡಿಕೊಂಡು ಹೋಗುತ್ತಿದ್ದರು. ಆ ಮನೆಯವರು ಹೊರಡುವಾಗ ಹೇಳುತ್ತಿರಲಿಲ್ಲ. ಮಗ ಎದ್ದವನೇ ಬೈಕ್ ಹತ್ತುತ್ತಿದ್ದ, ಮೊಮ್ಮಗಳು ಬ್ಯಾಗ್ ಹೆಗಲಿಗೇರಿಸಿ ಬಸ್ಸಿಗೆ ನಡೆಯುತ್ತಿದ್ದಳು. ಯಾರೂ ತಿರುಗಿ ಒಂದು ಮಾತಾಡುತ್ತಿರಲಿಲ್ಲ. ನಮ್ಮ ಕಡೆ ‘ಹೋಗ್ತೀನಿ’ ಅಂದರೆ ಅಪಶಕುನ, ಸಂತೆಗೆ ಹೋಗುವವನೂ ‘ಬತ್ತೀನಿ’ ಅಂತಲೇ ಹೊರಡಬೇಕು. ಆದರೆ ಆ ಮನೆಯಲ್ಲಿ ‘ಬತ್ತೀನಿ’ ಅನ್ನುವ ಹಾಗೂ ಇರಲಿಲ್ಲ. ಅದು ದೆವ್ವದ ಮಾತು. ಎರಡೂ ಬೇಡ ಅಂದ ಮೇಲೆ ಬಾಯಿ ಮುಚ್ಚಿಕೊಂಡು ಹೊರಡುವುದೊಂದೇ ಉಳಿದದ್ದು.

ನಾನು ನೇತ್ರಾ, ಊರಿನ ಆಶಾ ಕಾರ್ಯಕರ್ತೆ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ, ಅದೂ ಅರ್ಧ ಬಿದ್ದದ್ದು. ಹಾಗಾಗಿ ಈ ಕತೆಯಲ್ಲಿ ನನಗೆ ಗೊತ್ತಿಲ್ಲದ್ದು ಕಡಿಮೆ.

ಪುಟ್ಟಲಕ್ಷ್ಮಮ್ಮನನ್ನು ಅಂಜುಬುರುಕಿ ಅಂದುಕೊಳ್ಳಬೇಡಿ. ದುದ್ದದಿಂದ ಹದಿನಾರಕ್ಕೆ ಸೊಸೆಯಾಗಿ ಬಂದವಳು. ಮೂವತ್ತೆರಡಕ್ಕೆ ಗಂಡ ಹೋದ. ಇಬ್ಬರು ಗಂಡುಮಕ್ಕಳನ್ನು ಕಟ್ಟಿಕೊಂಡು ರಾಗಿ ಹೊಲ, ತೆಂಗಿನ ತೋಟ, ನಾಲ್ಕು ಹಸು ಎಲ್ಲವನ್ನೂ ಒಬ್ಬಳೇ ನಿಭಾಯಿಸಿದಳು. ಹಟ್ಟಿಗೆ ಬಂದ ನಾಗರಹಾವನ್ನು ಒನಕೆಯಲ್ಲಿ ಹೊಡೆದು, ಕೈ ತೊಳೆದುಕೊಂಡು ಬಂದು ಮುದ್ದೆ ತಿರುವಿದವಳು. ಊರಿನಲ್ಲಿ ಯಾರ ಮನೆಯ ಹಸು ಕರು ಹಾಕಲು ಒದ್ದಾಡಿದರೂ ಮೊದಲು ಓಡುವವಳು ಅವಳೇ. ಬಾಯಿ ಮಾತ್ರ ಕತ್ತಿ. ಆ ಕತ್ತಿಗೆ ಹೆಚ್ಚು ಸಿಕ್ಕವಳು ಹಿರಿಸೊಸೆ ಯಮುನಾ.

ಯಮುನಾ ರಾಮನಾಥಪುರದ ಹೊಗೆಸೊಪ್ಪು ಬೆಳೆಯುವ ಮನೆಯ ಹುಡುಗಿ. ಹಿರಿಮಗ ದೇವರಾಜುವನ್ನು ಮದುವೆಯಾಗಿ ಆರು ವರ್ಷವಾದರೂ ಮಕ್ಕಳಾಗಲಿಲ್ಲ. ಏನಂದರೂ ‘ಆಯ್ತು ಅತ್ತೆ’ ಅನ್ನುತ್ತಿದ್ದಳು, ಅದಕ್ಕೂ ಬೈಸಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಕಿರಿಮಗ ಮಧುಕುಮಾರನ ಹೆಂಡತಿ ಸಿಂಧು ಹೆತ್ತಳು. ಸಿಂಧುವಿಗೆ ತಾಯಿ ಇರಲಿಲ್ಲ. ‘ತಾಯಿಲ್ಲದ ಮಗ, ತವರಿಗ್ಯಾಕೆ ಓಯ್ತದೆ’ ಅಂತ ಪುಟ್ಟಲಕ್ಷ್ಮಮ್ಮ ಬಾಣಂತನವನ್ನು ತಾನೇ ಮಾಡಿದಳು. ಒಂದು ದಿನವೂ ಮುಖ ಗಂಟು ಹಾಕಲಿಲ್ಲ, ಅದನ್ನೂ ಹೇಳಬೇಕು.

ತೊಟ್ಟಿಲು ಶಾಸ್ತ್ರದ ದಿನ ಮಗುವಿಗೆ ಯಶಸ್ವಿನಿ ಅಂತ ಹೆಸರಿಟ್ಟರು. ಐದು ಜನ ಮುತ್ತೈದೆಯರು ಮಗುವನ್ನು ಕೈಯಿಂದ ಕೈಗೆ ದಾಟಿಸಿ ತೊಟ್ಟಿಲಿಗೆ ಹಾಕಬೇಕು. ಯಮುನಾ ಸೆರಗು ಸಿಕ್ಕಿಸಿಕೊಂಡು ಕೈ ಚಾಚಿದಳು. ಪುಟ್ಟಲಕ್ಷ್ಮಮ್ಮ ಎಲ್ಲರೆದುರಿಗೆ, “ನೀನು ಅತ್ಲಾಗಿ ನಿಂತ್ಕೊ. ಒಡ್ಲು ತುಂಬ್ದೇ ಇರೋರ ಕಣ್ಣು ಕೂಸಿಗೆ ಆಗಾಕಿಲ್ಲ” ಅಂದಳು. ಚಾಚಿದ ಕೈ ಹಾಗೇ ಇತ್ತು. ‘ನೇತ್ರಾ, ನೀನು ಬಾ’ ಅಂದರು, ನಾನು ಹೋದೆ. ಆ ಕೈಗಳ ಪಕ್ಕದಲ್ಲೇ ನನ್ನ ಕೈ ಚಾಚಿ ಮಗುವನ್ನು ಈಸಿಕೊಂಡೆ. ಇವತ್ತು ಊರಿಗೆಲ್ಲ ಬುದ್ಧಿ ಹೇಳುವ ನನ್ನ ಈ ಬಾಯಿ ಅವತ್ತು ತೆರೆಯಲಿಲ್ಲ. ಅದಕ್ಕೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಮಾರನೆಯ ಬೆಳಿಗ್ಗೆ ‘ಕೂಸಿಗೆ ಮೂರು ತಿಂಗ್ಳು ತುಂಬೋಗಂಟ ತವರಲ್ಲಿರು’ ಅಂತ ಯಮುನಾಳನ್ನು ಹೊರಡಿಸಿದರು. ಪುಟ್ಟಲಕ್ಷ್ಮಮ್ಮ ಅಡುಗೆಮನೆಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ಕುಳಿತಿದ್ದಳು. ಆಗ ಹಿಂದಿನಿಂದ ಸ್ಪಷ್ಟವಾಗಿ ಕೇಳಿಸಿತಂತೆ: “ಬತ್ತೀನಿ ಕಣೇ. ನಿನ್ನ ಬುಡಾಕಿಲ್ಲ.” ತಿರುಗಿ ನೋಡುವಷ್ಟರಲ್ಲಿ ಯಮುನಾ ಬೀದಿಗಿಳಿದಿದ್ದಳು. ಮೂರನೇ ವಾರ ಅವಳಿಗೆ ಜ್ವರ ಬಂತು, ಜ್ವರ ತಲೆಗೇರಿತು, ಹಾಸನದ ಆಸ್ಪತ್ರೆಯಲ್ಲಿ ತೀರಿಕೊಂಡಳು. ಇಪ್ಪತ್ತೇಳು ವರ್ಷ ಅವಳಿಗೆ.

ತಿಥಿ ಮುಗಿದ ವಾರಕ್ಕೆ ಗಬ್ಬದ ಹಸು ಕಂದು ಹಾಕಿತು. ಆಮೇಲೆ ಬೋರಿನ ಮೋಟರು ಸುಟ್ಟಿತು, ಮಧುಕುಮಾರ ಬೈಕಿನಿಂದ ಬಿದ್ದು ಕೈ ಮುರಿದುಕೊಂಡ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತಾರಲ್ಲ, ಹಾಗೆ. ಪುಟ್ಟಲಕ್ಷ್ಮಮ್ಮ ಮಾತ್ರ ಪ್ರತಿ ಟೊಂಗೆಯ ಮೇಲೂ ಯಮುನಾಳನ್ನೇ ಕಂಡಳು. ಹೊಳೆಯಾಚೆ ಶಾಸ್ತ್ರ ಹೇಳುವವನೊಬ್ಬ ಕವಡೆ ಹಾಕಿ, ‘ಒಂದು ಹೆಣ್ಣು ಆಸೆ ಮಡಿಕ್ಕೊಂಡು ಓಗ್ಯದೆ ಕಣವ್ವ’ ಅಂದ. ಅವನ ಮಹಿಮೆಗೆ ಇವಳು ನಡುಗಿಹೋದಳು. ನಮ್ಮ ಕಡೆ ಆಸೆ ಇಟ್ಟುಕೊಂಡು ಸತ್ತ ಹೆಣ್ಣಿಲ್ಲದ ಮನೆ ಯಾವುದಿದೆ? ಅದನ್ನು ಹೇಳಲು ಕವಡೆ ಯಾಕೆ ಬೇಕು?

ಅಲ್ಲಿಂದ ಆ ಮನೆಯಲ್ಲಿ ಆ ಮಾತು ನಿಂತಿತು. ಯಾರಾದರೂ ‘ಬತ್ತೀನಿ’ ಅಂದರೆ ಅವಳು ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಪಿತೃಪಕ್ಷದ ಅಮಾವಾಸ್ಯೆಗೆ ಎಡೆ ಇಡುವಾಗ ಯಮುನಾಳ ಹೆಸರಿನಲ್ಲಿ ಹೊಸ ಸೀರೆ ಇಟ್ಟು, ಬದುಕಿದ್ದಾಗ ಒಂದು ದಿನವೂ ಕರೆಯದ ಹಾಗೆ ‘ತಾಯೀ’ ಅಂತ ಕರೆದು ಅಡ್ಡ ಬೀಳುತ್ತಿದ್ದಳು. ದೇವರಾಜು ಇದನ್ನು ನೋಡಲಾರದೆ ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯಲ್ಲಿ ಕೆಲಸ ಹಿಡಿದು ಅಲ್ಲೇ ಉಳಿದ. ಆ ಮನೆಗೆ ಇನ್ನೊಂದು ಹೆಣ್ಣು ಕೊಡಲು ಯಾರೂ ಬರಲಿಲ್ಲ.

ಇಷ್ಟೇ ಆಗಿದ್ದರೆ ನಾನು ತಲೆ ಹಾಕುತ್ತಿರಲಿಲ್ಲ. ಆದರೆ ಯಶಸ್ವಿನಿಗೆ ಹನ್ನೆರಡು ತುಂಬಿದ ವರ್ಷ ಶಾಲೆಯಲ್ಲಿ ಫಿಟ್ಸ್ ಬಂತು. ಹಾಸನದ ಡಾಕ್ಟರು ಮಾತ್ರೆ ಬರೆದು, ಮೂರ್ನಾಲ್ಕು ವರ್ಷ ಒಂದು ದಿನವೂ ಬಿಡಬೇಡಿ ಅಂದರು. ಎಂಟು ತಿಂಗಳು ನುಂಗಿದಳು, ಎಂಟು ತಿಂಗಳೂ ಬರಲಿಲ್ಲ. ‘ಯಮುನಾ ಸಾಂತ ಆದ್ಲು’ ಅಂತ ಅಜ್ಜಿ ಮಾತ್ರೆ ನಿಲ್ಲಿಸಿದಳು. ಮತ್ತೆ ಬಂದಾಗ, ಮಾತ್ರೆ ಬಿಟ್ಟದ್ದಕ್ಕೆ ಅನ್ನದೆ, ಎಡೆಗಿಟ್ಟ ಸೀರೆಯ ಸೆರಗು ಸರಿಯಿರಲಿಲ್ಲ ಅಂದಳು. ಬೇವಿನ ಸೊಪ್ಪಿನಲ್ಲಿ ಹೊಡೆಸಿದರು, ಮೆಣಸಿನಕಾಯಿ ಹೊಗೆ ಹಾಕಿಸಿದರು. ‘ಯಾರೇ ನೀನು, ಯೋಳೇ’ ಅಂದರೆ ಆ ಹುಡುಗಿ ‘ನಾನು ಯಶಸ್ವಿನಿ’ ಅನ್ನುತ್ತಿದ್ದಳು. ಅದಕ್ಕೂ ಹೊಡೆತ. ಸಿಂಧು ಒಳಗೆ ಕುಳಿತು ಅಳುತ್ತಿದ್ದಳು, ಹೊರಗೆ ಬರುತ್ತಿರಲಿಲ್ಲ. ಹೆತ್ತವಳಿಗೆ ಏನಾಗಿದೆ ಅಂತ ನಾನು ಅವಳನ್ನೂ ಬೈದೆ.

ಹೋದ ವರ್ಷ, ಹುಡುಗಿ ಹೊಳೇನರಸೀಪುರದಲ್ಲಿ ಎರಡನೇ ಪಿಯುಸಿ ಓದುತ್ತಿದ್ದಾಗ, ಹಾಲು ಕಾಯಿಸುತ್ತಾ ಫಿಟ್ಸ್ ಬಂದು ಒಲೆಯ ಮೇಲೆ ಬಿದ್ದಳು. ಎಡಗೈ ಮೊಣಕೈವರೆಗೂ ಸುಟ್ಟಿತು. ಶಾಸ್ತ್ರದವನು, ‘ಒಂದು ಮಂಡಲ ನನ್ನ ಗುಡೀಲಿ ಬುಡಿ. ನಲವತ್ತೆಂಟು ದಿನ ಔಸ್ದಿ ಸೋಕಬಾರ್ದು’ ಅಂದ. ಮಾತ್ರೆಯಿಲ್ಲದೆ ನಲವತ್ತೆಂಟು ದಿನ! ಒಂದರ ಹಿಂದೆ ಒಂದು ಫಿಟ್ಸ್ ಬಂದರೆ ಹುಡುಗಿ ಉಳಿಯುವುದಿಲ್ಲ ಅಂತ ನನಗೆ ಟ್ರೈನಿಂಗಿನಲ್ಲಿ ಹೇಳಿಕೊಟ್ಟಿದ್ದರು. ಅದನ್ನು ಹೇಳಲು ಹೋದೆ. ಆಟೋ ಬಾಗಿಲಲ್ಲಿ ನಿಂತಿತ್ತು. ಯಶಸ್ವಿನಿ ಕೈಗೆ ಬಟ್ಟೆ ಸುತ್ತಿಕೊಂಡು ಜಗುಲಿಯ ಮೇಲೆ ಕುಳಿತಿದ್ದಳು.

“ಆ ಮಗ ಸತ್ತೋದ್ರೆ ಏನ್ ಮಾಡೀರಿ ಅತ್ತೆ?” ಅಂದೆ.

“ಸಾಯ್ಬಾರ್ದು ಅಂತ್ಲೇ ಕರ್ಕೊಂಡೋಯ್ತಿರೋದು. ಅವ್ಳು ಬಂದವ್ಳೆ ಕಣ್ ನೇತ್ರಾ. ತೊಟ್ಲಿಗೆ ಆಕಾಕೆ ಬುಡ್ನಿಲ್ವಲ್ಲ, ಈಗ ಎತ್ಕೊಂಡೋಗಾಕೆ ಬಂದವ್ಳೆ. ನಿಂಗೇನ್ ಗೊತ್ತು?”

ಮಾತಿಗೆ ಮಾತು ಬೆಳೆಯಿತು. ಮಧುಕುಮಾರ ನೆಲ ನೋಡಿಕೊಂಡು ನಿಂತಿದ್ದ. ನನಗೆ ಕೋಪ ತಡೆಯಲಿಲ್ಲ. ಪೊಲೀಸರನ್ನೇ ಕರೆಯೋಣ ಅಂತ ಎದ್ದೆ. ಎದ್ದವಳು ಅಭ್ಯಾಸಬಲದಿಂದ, “ಬತ್ತೀನಿ ಅತ್ತೆ” ಅಂದುಬಿಟ್ಟೆ. ಪುಟ್ಟಲಕ್ಷ್ಮಮ್ಮ ಕಿವಿ ಮುಚ್ಚಿಕೊಂಡು, ಏಟು ಬಿದ್ದವಳ ಹಾಗೆ ಕುಸಿದು ಕುಳಿತಳು. “ಅಂಗೇ ಅಂದ್ಲು. ‘ಬತ್ತೀನಿ ಕಣೇ, ನಿನ್ನ ಬುಡಾಕಿಲ್ಲ’ ಅಂತ ಇಂಗೇ ಅಂದ್ಲು.”

ಆಗ ಸಿಂಧು ಹೊರಗೆ ಬಂದಳು. ಹದಿನೆಂಟು ವರ್ಷದಲ್ಲಿ ಅತ್ತೆಯ ಎದುರು ನಿಂತದ್ದು ಅದೇ ಮೊದಲು.

“ಅತ್ತೆ, ಆ ಮಾತು ನಿಮಗಲ್ಲ,” ಅಂದಳು. “ಅಕ್ಕ ಓಗೋ ಮುಂಚೆ ಬಾಣಂತಿ ಕ್ವಾಣೆಗೆ ಬಂದಿದ್ಲು. ಮಗೂನ ನಾನೇ ಕೈಗೆ ಕೊಟ್ಟೆ. ಅವತ್ತೊಂದಿನ ಅಲ್ಲ, ನೀವು ತ್ವಾಟಕ್ಕೋದಾಗೆಲ್ಲ ಕೊಡ್ತಿದ್ದೆ. ನೀರಾಕೋಳು, ತಟ್ಟಿ ಮಲಗ್ಸೋಳು. ಅವತ್ತು ಇವ್ಳು ಬೆರಳ ಇಡ್ಕೊಂಡು ಬುಡ್ನೇ ಇಲ್ಲ. ಅದಕ್ಕೆ ಅಕ್ಕ ನಕ್ಕೊಂಡು, ‘ಬತ್ತೀನಿ ಕಣೇ, ನಿನ್ನ ಬುಡಾಕಿಲ್ಲ’ ಅಂದ್ಲು. ಇವ್ಳಿಗೆ ಅಂದ್ಲು.”

“ಇಷ್ಟು ವರ್ಸ ಯಾಕೆ ಯೋಳ್ನಿಲ್ಲ?” ಅಂತ ಮಧುಕುಮಾರ ಕೇಳಿದ.

“ಮೊದ್ಲು, ಕದ್ದು ಕೊಟ್ಟೆ ಅಂತ ಅತ್ತೆ ಬಯ್ತಾರೆ ಅಂತ ಎದರ್ಕೊಂಡೆ. ಫಿಟ್ಸ್ ಬಂದಾಗ, ನಾನು ಕೊಟ್ಟಿದ್ರಿಂದ್ಲೇ ಇಂಗಾಯ್ತು ಅಂದ್ಕೊಂಡೆ. ನೀವೆಲ್ಲ ದೆವ್ವ ಅಂದ್ರಿ. ಆ ದೆವ್ವದ ಕೈಗೆ ಮಗೂನ ಕೊಟ್ಟೋಳು ನಾನು. ಎಂಗೆ ಯೋಳ್ಲಿ?”

ನನಗೆ ಆಮೇಲೆ ಹೊಳೆದದ್ದು ‘ಕಣೇ’ ಅನ್ನುವ ಒಂದು ಪದ. ಎಳೆಕೂಸಿಗೆ ‘ಕಣೇ’ ಅಂದರೆ ಮುದ್ದು, ಅತ್ತೆಗೆ ಅಂದರೆ ಮಹಾ ಅಪಚಾರ. ಆರು ವರ್ಷ ದನಿ ಎತ್ತದ ಹೆಣ್ಣು ಹೊಸ್ತಿಲಲ್ಲಿ ನಿಂತು ಅತ್ತೆಗೆ ‘ಕಣೇ’ ಅಂದಾಳೆಯೇ? ಅಷ್ಟು ಸಣ್ಣ ವಿಷಯ ಪುಟ್ಟಲಕ್ಷ್ಮಮ್ಮನಿಗೆ ಹೊಳೆಯಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅಡುಗೆಮನೆಯ ಗೋಡೆಯಾಚೆ ಬಾಣಂತಿ ಕೋಣೆಯಲ್ಲಿ ಕೂಸನ್ನು ಮುದ್ದಿಸುವ ಮಾತು ಕಿವಿಗೆ ಬಿದ್ದರೆ ಅದು ತನಗೇ ಹಾಕಿದ ಶಾಪ ಅಂದುಕೊಂಡಳು. ಬೈಸಿಕೊಳ್ಳಬೇಕಾದ ಕೆಲಸ ಮಾಡಿದ್ದೇನೆ ಅಂತ ಒಳಗೆಲ್ಲೋ ಅವಳಿಗೇ ಗೊತ್ತಿತ್ತು.

ಅವಳಿಗೆ ಹಗುರಾಗುತ್ತದೆ ಅಂತ ನಾನು ಕಾದೆ. ಆಗಲಿಲ್ಲ. “ಅಂಗಾರೆ ಅವ್ಳಿಗೆ ನನ್ ಮ್ಯಾಲೆ ಕ್ವಾಪ ಇರ್ನಿಲ್ವಾ?” ಅಂದಳು. ದೆವ್ವ ಕಾಡುತ್ತಿದ್ದಷ್ಟು ದಿನ ಅವಳು ಕಷ್ಟದಲ್ಲಿದ್ದವಳು, ಊರೇ ಅಯ್ಯೋ ಅನ್ನುತ್ತಿತ್ತು. ದೆವ್ವ ಹೋದ ಮೇಲೆ ಆ ಜಾಗದಲ್ಲಿ ಜ್ವರದಿಂದ ಸತ್ತ ಒಬ್ಬ ಒಳ್ಳೆಯ ಹುಡುಗಿ ಇದ್ದಳು, ಕೈ ಸುಟ್ಟುಕೊಂಡ ಇನ್ನೊಬ್ಬಳು ಇದ್ದಳು. ಅದನ್ನು ಯಾವ ಶಾಸ್ತ್ರದವನು ಬಿಡಿಸಿಯಾನು? ಅವತ್ತು ನನಗೆ ಅವಳ ಮೇಲಿದ್ದ ಕೋಪ ಇಳಿದುಹೋಯಿತು.

ಅದೇ ಆಟೋದಲ್ಲಿ ಹೊಳೇನರಸೀಪುರದ ಬಸ್‌ಸ್ಟ್ಯಾಂಡಿಗೆ ಹೋಗಿ, ಅಲ್ಲಿಂದ ಹಾಸನಕ್ಕೆ ಹೋದೆವು. ಮಾತ್ರೆ ಮತ್ತೆ ಶುರುವಾಯಿತು. ಕೈ ವಾಸಿಯಾಯಿತು, ಕಲೆ ಉಳಿಯಿತು. ಯಶಸ್ವಿನಿ ಪಿಯುಸಿ ಪಾಸಾಗಿ ಹೊಳೇನರಸೀಪುರದಲ್ಲೇ ಡಿಗ್ರಿಗೆ ಸೇರಿದ್ದಾಳೆ. ಒಂಬತ್ತು ತಿಂಗಳಿಂದ ಫಿಟ್ಸ್ ಇಲ್ಲ.

ಹೋದ ತಿಂಗಳು ಮಾತ್ರೆಯ ಲೆಕ್ಕ ನೋಡಲು ಬೆಳಿಗ್ಗೆ ಹೋಗಿದ್ದೆ. ಪುಟ್ಟಲಕ್ಷ್ಮಮ್ಮ ಒಂದು ಕೈಯಲ್ಲಿ ಮಾತ್ರೆ, ಇನ್ನೊಂದು ಕೈಯಲ್ಲಿ ನೀರಿನ ಲೋಟ ಹಿಡಿದು ಮೊಮ್ಮಗಳ ಎದುರು ನಿಂತಿದ್ದಳು. ಹುಡುಗಿ ಜಡೆ ಹೆಣೆಯುತ್ತಾ, ‘ಅಮ್ಮ ಕೊಡ್ತಾಳೆ ಬುಡು’ ಅಂದಳು.

“ದಿನಾ ಇಂಗೇ ಅಂತಿ. ನನ್ ಕೈಲಿ ಯಾಕೆ ಈಸ್ಕೊಳಾಕಿಲ್ಲ? ದೆವ್ವ ಇಲ್ಲ ಅಂತ ನಾನೂ ಒಪ್ಕೊಂಡ್ನಲ್ಲವ್ವ. ಇನ್ನೂ ಯಾಕೆ ಭಯ?”

ಯಶಸ್ವಿನಿ ಕೋಪ ಮಾಡಿಕೊಳ್ಳಲಿಲ್ಲ. ಬಸ್ ಎಷ್ಟು ಗಂಟೆಗೆ ಅಂತ ಕೇಳಿದರೆ ಹೇಳುವ ದನಿಯಲ್ಲೇ ಹೇಳಿದಳು: “ಯಮುನಾ ದೊಡ್ಡವ್ವನ ಕಂಡ್ರೆ ನಂಗೆ ಯಾವತ್ತೂ ಭಯ ಇರ್ನಿಲ್ಲ ಅಜ್ಜಿ. ನಾನ್ ಎದರ್ಕೊತಿದ್ದುದು ನಿಂಗೆ.”

ಮುದುಕಿ ಮಾತ್ರೆಯನ್ನೂ ಲೋಟವನ್ನೂ ಕಿಟಕಿಯ ಮೇಲಿಟ್ಟು ಹೊರಗೆ ಹೋದಳು. ಅವತ್ತಿನಿಂದ ಹಾಗೇ ನಡೆದಿದೆ. ಬೆಳಿಗ್ಗೆ ಏಳೂವರೆಗೆ ಮಾತ್ರೆ ತಂದು ಕಿಟಕಿಯ ಮೇಲಿಡುತ್ತಾಳೆ, ಮೊಮ್ಮಗಳು ಬಂದು ನುಂಗುವವರೆಗೂ ಹಟ್ಟಿಯ ಹತ್ತಿರ ಹಸುವಿನ ಮೈ ಸವರುತ್ತಾ ನಿಂತಿರುತ್ತಾಳೆ, ಲೋಟ ಖಾಲಿಯಾಗಿದೆ ಅಂತ ಸಿಂಧು ಕೂಗಿ ಹೇಳಿದ ಮೇಲೆ ಒಳಗೆ ಬರುತ್ತಾಳೆ.