ಟೈಲರ್ ಚಿಕ್ಕಮ್ಮನ ಅರ್ಧ ಷಟರ್

ಮಧ್ಯಾಹ್ನ ಎರಡಕ್ಕೆ ಟೈಲರ್ ಚಿಕ್ಕಮ್ಮನ ಅಂಗಡಿಯ ಷಟರ್ ಸೊಂಟದ ಮಟ್ಟಕ್ಕೆ ಇಳಿಯಿತೆಂದರೆ ಇಡೀ ಬೀದಿಯೇ ದನಿ ತಗ್ಗಿಸುತ್ತಿತ್ತು. ಪೂರ್ತಿ ಮುಚ್ಚಿದ್ದರೆ ರಜೆ, ಅರ್ಧ ಇಳಿಸಿದ್ದರೆ ನಿದ್ದೆ. ಎಲ್ಲರಿಗೂ ಗೊತ್ತಿದ್ದ ಲೆಕ್ಕ ಅದು. ಚೂರುಬಟ್ಟೆ ತುಂಬಿದ ದಿಂಬಿಟ್ಟುಕೊಂಡು, ರೇಡಿಯೋ ಸಣ್ಣಗೆ ಹಾಕಿಕೊಂಡು, ಕಟಿಂಗ್ ಟೇಬಲ್ ಮೇಲೇ ಮಲಗಿ ಎದ್ದರೆ ಚಿಕ್ಕಮ್ಮನ ಮುಖ ಈಗಷ್ಟೇ ಇಸ್ತ್ರಿ ಮಾಡಿದ ಹಾಗೆ ಇರುತ್ತಿತ್ತು. ಆಮೇಲೆ ಸಂಜೆಯವರೆಗೆ ಹಾಡು ಗುನುಗುತ್ತಲೇ ಹೊಲಿಗೆ.

ಈ ಸುಖಕ್ಕೆ ಕಲ್ಲು ಬಿದ್ದದ್ದು ಎದುರಿಗೆ ಇನ್ನೊಬ್ಬ ಟೈಲರ್ ಅಂಗಡಿ ತೆಗೆದಾಗ. ದಪ್ಪ ಕನ್ನಡಕದ ಆ ಮನುಷ್ಯ ಮಧ್ಯಾಹ್ನ ಮುಚ್ಚುವ ಮಾತೇ ಇಲ್ಲ! ತಾನು ಮಲಗಿದರೆ ತನ್ನ ಗಿರಾಕಿಗಳು ರಸ್ತೆ ದಾಟಲು ಎಷ್ಟು ಹೊತ್ತು ಎಂದು ಚಿಕ್ಕಮ್ಮನಿಗೆ ದಿಗಿಲು. ಚಿಕ್ಕಮ್ಮನ ಷಟರ್ ಇಳಿಯುವುದು ನಿಂತೇ ಹೋಯಿತು. ಮಿಷನ್ ಮುಂದೆಯೇ ತೂಕಡಿಸುವುದು, ತಟ್ಟನೆ ಎಚ್ಚೆತ್ತು ಎದುರಿಗೆ ನೋಡುವುದು. ಹಾಡೂ ಹೋಯಿತು, ಮುಖದ ಇಸ್ತ್ರಿಯೂ ಹೋಯಿತು. ಊಟದ ಡಬ್ಬಿ ತಂದುಕೊಡುತ್ತಿದ್ದ ಗಂಡ, "ನಿನ್ನ ಗೊರಕೆ ಕೇಳದೆ ಬೀದಿಯವರಿಗೆ ಊಟ ಜೀರ್ಣ ಆಗ್ತಿಲ್ವಂತೆ ಕಣೇ," ಎಂದು ಕಿಚಾಯಿಸುವಷ್ಟರಲ್ಲಿ ಚಿಕ್ಕಮ್ಮ ಡಬ್ಬಿಯ ಮೇಲೇ ತೂಕಡಿಸುತ್ತಿದ್ದಳು.

ಅಂಥ ದಿನಗಳಲ್ಲೇ ಸಂಗೀತದ ಮೇಡಂ ಬಂದರು. ಅವರ ಅವಳಿ ಹುಡುಗಿಯರು ಶಾಲೆಯಲ್ಲಿ ಹಾಡಬೇಕಿತ್ತು, ಇಬ್ಬರಿಗೂ ಕೆಂಪು ಮಖಮಲ್ಲಿನ ಕೋಟು, ಒಂದೇ ಅಳತೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅಂತ ಮೇಡಂ ಬಟ್ಟೆಯನ್ನು ಎರಡು ಮಾಡಿ ಒಂದು ಕೋಟು ಚಿಕ್ಕಮ್ಮನಿಗೆ, ಇನ್ನೊಂದು ಎದುರಂಗಡಿಗೆ ಕೊಟ್ಟರು. ಒಂದು ಗೇಣೂ ಹೆಚ್ಚಿಗೆ ಇಲ್ಲ.

ಬಟ್ಟೆ ಕಮ್ಮಿ ಇದ್ದಾಗ ತೋಳುಗಳನ್ನು ಒಂದೊಂದಾಗಿ ಕತ್ತರಿಸಬೇಕು; ಒಂದು ಆದಮೇಲೆ ಅಳತೆಯ ಕಾಗದವನ್ನು ಮಗುಚಿ ಹಾಕಿದರೆ ಇನ್ನೊಂದು ಕೈಯದು ಬರುತ್ತದೆ. ಚಿಕ್ಕಮ್ಮ ಮೊದಲನೆಯದನ್ನು ಕತ್ತರಿಸಿ, ಆಕಳಿಸಿ, ಎದುರಂಗಡಿ ಮುಚ್ಚಿತೋ ಇಲ್ಲವೋ ಅಂತ ಒಂದು ಸಲ ಇಣುಕಿ, ಮತ್ತೆ ಕತ್ತರಿ ಆಡಿಸಿದಳು. ಕಾಗದ ಮಗುಚಲೇ ಇಲ್ಲ.

ಕಾರ್ಯಕ್ರಮದ ದಿನ ಮಧ್ಯಾಹ್ನ ಜೋಡಿಸಲು ಹೋದರೆ ಎರಡೂ ಎಡತೋಳು! ತಿರುವಿ ಹಾಕೋಣವೆಂದರೆ ಮಖಮಲ್ಲಿಗೆ ಹೊಳಪು ಇರುವುದು ಒಂದೇ ಕಡೆ. ಸಂಜೆ ಆ ಹುಡುಗಿ ಒಂದು ತೋಳಿನ ಕೋಟಿನಲ್ಲಿ ಹಾಡುವುದೇ?

ಎದುರಂಗಡಿಯಲ್ಲಿ ಚೂರೇನಾದರೂ ಉಳಿದಿರಬಹುದು. ಆದರೆ ಅವನನ್ನು ಕೇಳುವುದು? ಚಿಕ್ಕಮ್ಮ ಮರ್ಯಾದೆಯನ್ನು ಮಿಷನ್ ಮೇಲಿಟ್ಟು ರಸ್ತೆ ದಾಟಿದಳು.

"ಏನಪ್ಪಾ, ಆ ಕೆಂಪು ಬಟ್ಟೆ ಸ್ವಲ್ಪ ಮಿಕ್ಕಿದ್ಯಾ?"

ಅವನು ಕನ್ನಡಕ ತೆಗೆದು ಒರೆಸಿದ. "ಒಂದು ಪೂರ್ತಿ ತೋಳೇ ಮಿಕ್ಕಿದೆ ಅಕ್ಕಾ. ನಿಮಗೆ ಯಾವ ಕಡೇದು ಬೇಕು?"

"ಬಲಗಡೇದು."

ಅವನು ಸ್ಟೂಲಿನ ಮೇಲೆ ಧೊಪ್ಪನೆ ಕೂತ. "ನಾನು ಎರಡೂ ಬಲಗಡೇದೇ ಕತ್ತರಿಸಿಬಿಟ್ಟಿದ್ದೀನಿ."

ಇಬ್ಬರೂ ಎಷ್ಟು ನಕ್ಕರೆಂದರೆ ಪಕ್ಕದ ಚಪ್ಪಲಿ ಅಂಗಡಿಯವನು ಎದ್ದು ಬಂದು ನೋಡಿದ. ನಗು ನಿಂತ ಮೇಲೆ ವಿಷಯ ಹೊರಬಿತ್ತು: ಚಿಕ್ಕಮ್ಮನ ಷಟರ್ ಇಳಿದರೆ ತಾನೂ ಮಲಗೋಣ ಅಂತ ಅವನೂ ಅಷ್ಟು ದಿನದಿಂದ ಕಣ್ಣಿಗೆ ನೀರು ಚಿಮುಕಿಸಿಕೊಂಡು ಕಾಯುತ್ತಿದ್ದನಂತೆ!

ಒಂದು ತೋಳು ಆ ಕಡೆ, ಒಂದು ತೋಳು ಈ ಕಡೆ ಹೋಯಿತು. ಸಂಜೆ ಹುಡುಗಿಯರು ನಾಲ್ಕೂ ತೋಳು ಬೀಸಿ ಹಾಡಿದರು, ಮೇಡಂಗೆ ಏನೂ ತಿಳಿಯಲಿಲ್ಲ.

ಮರುದಿನ ಎರಡಕ್ಕೆ ಇಬ್ಬರೂ ಷಟರ್ ಹಿಡಿದು ನಿಂತರು. "ನೀನು ಚಿಕ್ಕೋನು, ಮೊದಲು ಎಳಿ," ಎಂದು ಇವಳು. ದೊಡ್ಡವರು ಮೊದಲು ಎಂದು ಅವನು. ಕೊನೆಗೆ ಚಪ್ಪಲಿ ಅಂಗಡಿಯವನು ಚಪ್ಪಾಳೆ ತಟ್ಟಿದ, ಎರಡೂ ಒಟ್ಟಿಗೆ ಇಳಿದವು.

ಚಿಕ್ಕಮ್ಮ ದಿಂಬಿಗೆ ತಲೆ ಕೊಟ್ಟಳು. ಮನಸ್ಸು ಕೇಳಬೇಕಲ್ಲ? ಮೆಲ್ಲಗೆ ಇಳಿದು ಬಗ್ಗಿ ಇಣುಕಿದರೆ, ಎದುರಿನ ಷಟರ್ ಕೆಳಗೂ ದಪ್ಪ ಕನ್ನಡಕವೊಂದು ಫಳಫಳ ಹೊಳೆಯುತ್ತಿತ್ತು.

"ಮಲಕ್ಕೊಳಪ್ಪಾ ಸಾಕು."

"ನೀವೂ ಮಲಕ್ಕೊಳ್ಳಿ ಅಕ್ಕಾ."

ಸ್ವಲ್ಪ ಹೊತ್ತಿಗೆ ಈ ಕಡೆಯಿಂದ ಒಂದು ಗೊರಕೆ ಎದ್ದಿತು, ಆ ಕಡೆಯಿಂದ ಉತ್ತರ ಬಂತು. ಬೀದಿ ದನಿ ತಗ್ಗಿಸಿತು.