ಏಣಿಯ ನಡು

ಸಂಸೆ ಊರಿನ ಕಾಫಿ ತೋಟಕ್ಕೆ ಕಾಳುಮೆಣಸು ಕೊಯ್ಯಲು ಬರುತ್ತಿದ್ದ ಆ ಹೆಂಗಸಿನ ಮುಖ ನನಗೆ ನೆನಪಿಲ್ಲ. ಬರೆದರೆ ಅದು ನಾನು ಕಲ್ಪಿಸಿ ಕಟ್ಟಿದ್ದಾಗುತ್ತದೆ. ನೆನಪಿರುವುದು ಅವಳ ಒಂದು ಮಾತು. ಯಾರು ಏನು ಹೇಳಿದರೂ “ಎತ್ತಿ ನೋಡಿ ಹೇಳಿ” ಎನ್ನುತ್ತಿದ್ದಳು.

“ಏಣಿ ಹತ್ತೋದು ಗಂಡಸರ ಕೆಲ್ಸ ಮಾರಾಯ್ತಿ. ನೀನು ಉದುರಿದ ಕಾಳು ಹೆಕ್ಕು. ಏಣಿ ಹೊರೋದಕ್ಕೂ ನಿಂಗೆ ಆಗೋದಿಲ್ಲ,” ಎಂದ ಆಳುಗಳನ್ನು ನೋಡಿಕೊಳ್ಳುತ್ತಿದ್ದ ಮೇಸ್ತ್ರಿ ಒಂದು ದಿನ.

ಅವಳು ಉದ್ದನೆಯ ಬಿದಿರೇಣಿಯ ಒಂದು ತುದಿಯನ್ನು ಗೇಣೆತ್ತರ ಎತ್ತಿ ಇಳಿಸಿದಳು, ಆಮೇಲೆ ಇನ್ನೊಂದನ್ನು. ಬುಡದ ಕಡೆ ಭಾರ ಹೆಚ್ಚಿತ್ತು. ಅಳತೆಯ ನಡುವನ್ನು ಬಿಟ್ಟು, ಬುಡದತ್ತ ಎರಡು ಮೆಟ್ಟಿಲು ಸರಿದು ಹೆಗಲು ಕೊಟ್ಟಳು.

“ನಡು ಅಲ್ಲಿಲ್ಲ,” ಎಂದ ಅವನು.

“ನಿಮ್ಮ ಕಣ್ಣಿಗೆ ಇಲ್ಲ ಮೇಸ್ತ್ರಿಯವ್ರೇ. ಎತ್ತಿ ನೋಡಿ ಹೇಳಿ.”

ಏಣಿ ಯಾವ ಕಡೆಗೂ ವಾಲದೆ ಮೇಲೆದ್ದಿತು. ಅವಳು ಮೆಣಸಿನ ಬಳ್ಳಿಯತ್ತ ನಡೆದಳು. ಮುಂಚಾಚಿದ ತುದಿಗೆ ದಾರಿ ಬಿಡಲು ಮೇಸ್ತ್ರಿ ಕಾಫಿ ಗಿಡಗಳ ಒಳಗೆ ಸರಿಯಬೇಕಾಯಿತು.