ತೋಳು ಅಳೆಯುವ ಡಾಕ್ಟರಮ್ಮ

ಈ ಡಾಕ್ಟರಮ್ಮ ಇದುವರೆಗೆ ಅಳೆದ ತೋಳುಗಳನ್ನು ಸಾಲಾಗಿ ಜೋಡಿಸಿದರೆ ಭೂಮಿಗೆ ಮೂರು ಸುತ್ತು ಬರುತ್ತದೆ. ಮಿಕ್ಕಿದ್ದರಲ್ಲಿ ಚಂದ್ರನಿಗೊಂದು ನಡುಪಟ್ಟಿಯನ್ನೂ ಕಟ್ಟಬಹುದು. ನಂಬಿಕೆ ಬರದಿದ್ದರೆ ಬೆಳಿಗ್ಗೆ ಆರಕ್ಕೆ ಆಸ್ಪತ್ರೆಯ ಮೂರನೇ ಮಹಡಿಗೆ ಬನ್ನಿ. ಅಷ್ಟು ಹೊತ್ತಿಗೆ ಸೂರ್ಯನೂ ಇವರ ಅಪ್ಪಣೆಗಾಗಿ ಮೆಟ್ಟಿಲ ಮೇಲೆ ಕಾದು ಕೂತಿರುತ್ತಾನೆ.

ಕಾರಿಡಾರಿನ ಕೊನೆಯ ಕೋಣೆ. ಹಿಂದೆ ಹಾಸಿಗೆ ಬಟ್ಟೆ ಇಡುತ್ತಿದ್ದ ಜಾಗ, ಸೋಪಿನ ವಾಸನೆ ಇನ್ನೂ ಹೋಗಿಲ್ಲ. ಒಂದು ಮೇಜು, ಎರಡು ಕುರ್ಚಿ, ಬಾಗಿಲು ಸರಿಯಾಗಿ ಮುಚ್ಚದ ಕಬ್ಬಿಣದ ಬೀರು. ಕೊರಳಿಗೆ ದರ್ಜಿಯ ಟೇಪು ಹಾಕಿಕೊಂಡ ಡಾಕ್ಟರಮ್ಮನನ್ನು ಕಂಡು ಹೊಸಬರು ರವಿಕೆ ಹೊಲಿಯುವವರೆಂದು ತಿಳಿಯುವುದೂ ಉಂಟು. ಎದುರಿಗೆ ನಿವೃತ್ತ ಬಸ್ ಕಂಡಕ್ಟರಮ್ಮ ತೋಳು ಚಾಚಿ ಕೂತಿದ್ದಾರೆ.

"ಇಪ್ಪತ್ತಾರೂವರೆ ಸೆಂಟಿಮೀಟರ್. ಹೋದ ವರ್ಷಾನೂ ಇಷ್ಟೇ ಇತ್ತು."

"ಸೊಂಟ ಮಾತ್ರ ಯಾಕೆ ಡಾಕ್ಟ್ರೇ ಇದ್ದಷ್ಟೇ ಇರಲ್ಲ?"

"ಅದು ನನ್ನ ಸಂಶೋಧನೆಗೆ ಬರಲ್ಲಮ್ಮ, ನಿಮ್ಮ ಅಡುಗೆಮನೆಗೆ ಬರುತ್ತೆ."

ಇಬ್ಬರೂ ಗೋಡೆ ಅಲುಗುವಂತೆ ನಗುತ್ತಾರೆ.

ಡಾಕ್ಟರಮ್ಮ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಮಾಡುವವರು. ಇವರು ಕೆಲಸಕ್ಕೆ ಸೇರಿದ ಕಾಲದಲ್ಲಿ ಗಡ್ಡೆಯ ಜೊತೆಗೆ ಕಂಕುಳಿನ ಗ್ರಂಥಿಗಳನ್ನೂ ಒಂದೂ ಉಳಿಯದಂತೆ ತೆಗೆಯುತ್ತಿದ್ದರು, ಕಾಯಿಲೆ ಅಲ್ಲಿಗೂ ಹಬ್ಬಿದ್ದರೆ ಎಂಬ ಭಯಕ್ಕೆ. ಜೀವವೇನೋ ಉಳಿಯುತ್ತಿತ್ತು. ಆದರೆ ಗ್ರಂಥಿಗಳಿಲ್ಲದೆ ನೀರು ತುಂಬಿ ಎಷ್ಟೋ ಹೆಂಗಸರ ತೋಳು ದಿಂಬಿನಂತೆ ಊದಿ, ಬಕೆಟ್ ಎತ್ತಲೂ ಆಗುತ್ತಿರಲಿಲ್ಲ. ಹಾಗೆ ಊದಿದ ತೋಳು ಹೊತ್ತುಕೊಂಡು ಬಂದ ಟೈಪಿಂಗ್ ಟೀಚರೊಬ್ಬರು ಒಂದು ದಿನ ಕೇಳಿಯೇಬಿಟ್ಟರು: "ಕಾಯಿಲೆ ಹೋಯ್ತು, ಸರಿ. ಕೈ ಯಾಕೆ ಹೋಯ್ತು ಡಾಕ್ಟ್ರೇ?"

ಡಾಕ್ಟರಮ್ಮ ಈಗ ಹೇಳುತ್ತಾರೆ: "ಚೆನ್ನಾಗಿ ಕತ್ತರಿಸೋದು ಗೊತ್ತಿತ್ತು. ಎಷ್ಟು ಕತ್ತರಿಸಬೇಕು ಅಂತ ಗೊತ್ತಿರ್ಲಿಲ್ಲ."

ಹದಿನೆಂಟು ವರ್ಷದ ಹಿಂದೆ ಉತ್ತರ ಹುಡುಕಲು ಹೊರಟರು. ಚಿಕ್ಕ ಗಡ್ಡೆಯಿದ್ದ, ಮನಸಾರೆ ಒಪ್ಪಿದ ಮುನ್ನೂರಿಪ್ಪತ್ತಾರು ಹೆಂಗಸರು. ಚೀಟಿ ಎತ್ತಿದಂತೆ ಮುಚ್ಚಿದ ಲಕೋಟೆ ತೆರೆದು, ಅದರಲ್ಲಿ ಬಂದ ಪ್ರಕಾರ ಅರ್ಧ ಜನರಿಗೆ ಎಲ್ಲ ಗ್ರಂಥಿಗಳನ್ನೂ ತೆಗೆದರು. ಉಳಿದವರಿಗೆ ಎರಡು ಮೂರನ್ನಷ್ಟೇ ತೆಗೆದು ಪರೀಕ್ಷಿಸಿ, ಶುದ್ಧವಿದ್ದರೆ ಮಿಕ್ಕವನ್ನು ಮುಟ್ಟಲಿಲ್ಲ. "ಅರ್ಧ ಕೆಲಸದ ಡಾಕ್ಟರು" ಎಂದು ಹಿರಿಯರು ಆಡಿಕೊಂಡರು. ಇವರು ಟೇಪು ಕೊಂಡರು.

ಏಳರೊಳಗೆ ಆರು ತೋಳು, ಮಧ್ಯಾಹ್ನದೊಳಗೆ ಎರಡು ಆಪರೇಷನ್, ಆಮೇಲೆ ನಲವತ್ತು ರೋಗಿಗಳು, ಸಂಜೆ ಬೀರುವಿನ ಕಡತಗಳು. ಇವರ ಗಂಡ ಗಡಿಯಾರ ರಿಪೇರಿ ಮಾಡುವವರು. "ನಮ್ಮನೇಲಿ ಎಲ್ಲ ಗಡಿಯಾರಾನೂ ಸರಿ ಇದೆ. ಇವಳು ಮನೆಗೆ ಬರೋ ಹೊತ್ತೊಂದೇ ರಿಪೇರಿ ಆಗ್ಲಿಲ್ಲ" ಎನ್ನುತ್ತಾರೆ.

ಈ ತಿಂಗಳು ಅಂತಿಮ ಫಲಿತಾಂಶ ಹೊರಬೀಳಬೇಕು. ಮುನ್ನೂರಿಪ್ಪತ್ತೈದು ಜನರ ಸುದ್ದಿ ಕೈಯಲ್ಲಿದೆ. ಇಲ್ಲದ್ದು ಒಬ್ಬರದು, ಬಟ್ಟೆಯ ಗುಂಡಿ ಮಾರುತ್ತಿದ್ದ ಗುಂಡಿ ಅಂಗಡಿಯಮ್ಮನದು. ಗ್ರಂಥಿಗಳನ್ನು ಉಳಿಸಿ ಕಳಿಸಿದವರಲ್ಲಿ ಒಬ್ಬರು. ಹತ್ತು ವರ್ಷ ತಪ್ಪದೆ ಬಂದವರು ಆಮೇಲೆ ಪತ್ತೆಯಿಲ್ಲ. ಫೋನ್ ಸತ್ತಿದೆ.

ಅಂಕಿಅಂಶ ನೋಡಿಕೊಳ್ಳುವ ಗೆಳತಿ ಹೇಳಿ ನೋಡಿದರು: "ಕೊನೇ ಸಲ ಬಂದಾಗ ಗಟ್ಟಿಮುಟ್ಟಾಗಿದ್ರಲ್ಲ, ಹುಷಾರಾಗಿದ್ದಾರೆ ಅಂತ ಹಾಕ್ಬಿಡೇ. ಅಷ್ಟು ಜನರಲ್ಲಿ ಒಬ್ಬರು ತಾನೆ!"

"ನಿಮ್ಮಮ್ಮನೂ ಒಬ್ಬರೇ ಕಣೆ."

ಭಾನುವಾರ ಡಾಕ್ಟರಮ್ಮ ತಾವೇ ಹೊರಟರು. ಏಳು ಬೆಟ್ಟ ಹತ್ತಿ, ಒಂಬತ್ತು ಹೊಳೆ ಈಜಿ, ಬಟ್ಟೆ ಒದ್ದೆಯಾಗದಂತೆ ಆಚೆ ದಡದಲ್ಲೊಂದು ನೀಲಿ ಬಾಗಿಲು ತಟ್ಟಿದರೆ, ಗುಂಡಿ ಅಂಗಡಿಯಮ್ಮನೇ ತೆರೆದು, ಆಪರೇಷನ್ ಆದ ಕಡೆಯ ತೋಳಿನಿಂದಲೇ ಡಾಕ್ಟರಮ್ಮನನ್ನು ಮಗುವಿನಂತೆ ಎತ್ತಿಕೊಂಡರು!

ಅಂಕಿ ಸರಿಯಿದೆಯೇ ಎಂದು ಕೇಳಲು ಈ ಲೇಖನವನ್ನು ನಾನು ಡಾಕ್ಟರಮ್ಮನಿಗೆ ಓದಿ ಹೇಳಿದಾಗ, ಇಲ್ಲಿಯವರೆಗೂ ನಗುತ್ತಿದ್ದವರು ಇಲ್ಲಿ ಕೈಯೆತ್ತಿ ತಡೆದರು.

"ನನ್ನ ಬಗ್ಗೆ ಎಷ್ಟು ರೈಲು ಬೇಕಾದ್ರೂ ಬಿಡಿ. ಅವರ ಬಗ್ಗೆ ಬೇಡ. ಹೊಡೆದುಹಾಕಿ."

"ಓದೋರಿಗೆ ಸಮಾಧಾನ ಆಗುತ್ತಲ್ಲ ಡಾಕ್ಟ್ರೇ?"

"ನನಗೂ ಆಗ್ತಿತ್ತು. ಅದಕ್ಕೇ ಬೇಡ ಅಂದಿದ್ದು."

ಆದ್ದರಿಂದ ಒಪ್ಪಿಕೊಳ್ಳದೆ ವಿಧಿಯಿಲ್ಲ. ಬೆಟ್ಟವೂ ಇಲ್ಲ, ಹೊಳೆಯೂ ಇಲ್ಲ. ಎರಡು ಬಸ್ಸು ಬದಲಿಸಿ ಹೋದರು. ಅಂಗಡಿಯ ಜಾಗದಲ್ಲಿ ಬೀಗದ ಕೈ ಮಾಡುವವನಿದ್ದ. ಮೂರು ಬೀದಿ ತಿರುಗಿದರು, ಯಾರಿಗೂ ಗೊತ್ತಿರಲಿಲ್ಲ. ಸೋಮವಾರ ಆಕೆಯ ಸಾಲಿನಲ್ಲಿ ಡಾಕ್ಟರಮ್ಮ ತಮ್ಮ ಕೈಯಾರೆ ಬರೆದರು: 'ತಿಳಿದಿಲ್ಲ.' ಆಮೇಲೆ, ಆಕೆಗೆ ಕಾಯಿಲೆ ಮರಳಿದೆ ಎಂದೇ ಇಟ್ಟುಕೊಂಡು ಇನ್ನೊಮ್ಮೆ ಲೆಕ್ಕ ಹಾಕಿದರು. ಕಾಯಿಲೆ ಮರಳಿದವರು ಎಲ್ಲ ಗ್ರಂಥಿ ತೆಗೆದ ಆ ಗುಂಪಿನಲ್ಲೂ ಹತ್ತು, ಉಳಿಸಿದ ಈ ಗುಂಪಿನಲ್ಲೂ ಹತ್ತು. ತೋಳು ಊದಿದವರು ಅಲ್ಲಿ ನಲವತ್ತೊಂದು, ಇಲ್ಲಿ ಎಂಟು. ಉತ್ತರ ಅಲುಗಲಿಲ್ಲ.

ಗುಂಡಿ ಅಂಗಡಿಯಮ್ಮ ಸಿಕ್ಕಿಲ್ಲ. ಆ ಕಡೆ ಇನ್ನೂ ಒಂದು ಬೀದಿ ನೋಡುವುದು ಬಾಕಿಯಿದೆಯಂತೆ; ಬರುವ ಭಾನುವಾರ ಡಾಕ್ಟರಮ್ಮ ಮತ್ತೆ ಹೋಗುತ್ತಾರೆ. ಇದು ಮಾತ್ರ ಸುಳ್ಳಲ್ಲ.